ಪಿಡಿಎಫ್ ತೆರೆದ ಕೂಡಲೇ ಕನ್ನಡ ಅಕ್ಷರ ಯಾಕೆ ಚದುರುತ್ತವೆ?

ಪ್ರಶ್ನೆ: ಬಾದಾಮಿಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಬನಶಂಕರಿ ಜಾತ್ರೆಯಲ್ಲಿ ಕ್ಯಾಂಪ್ ಹಾಕುವ ನಾಟಕ ಕಂಪನಿಯವರು ಹೋದ ವರ್ಷದ ಕರಪತ್ರದ ಪಿಡಿಎಫ್ ತಂದುಕೊಟ್ಟು, ದಿನಾಂಕ, ಟಿಕೆಟ್ ದರ ಮತ್ತು ಕೆಲವು ಕಲಾವಿದರ ಹೆಸರು ಬದಲಿಸಿಕೊಡಿ ಎಂದಿದ್ದಾರೆ. ಇಂಕ್‌ಸ್ಕೇಪ್ ಎಂಬ ಉಚಿತ ವಿನ್ಯಾಸ ಸಾಫ್ಟ್‌ವೇರಿನಲ್ಲಿ ತೆರೆದೆ. ಮೇಲಿನ ದೊಡ್ಡ ತಲೆಬರಹದಲ್ಲಿ ಕರ್ಸರ್ ಕೂರುವುದೇ ಇಲ್ಲ. ನಡುವಿನ ಸಾಲುಗಳು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲಾಗಿವೆ. ಕೆಳಗಿನ ಕಲಾವಿದರ ಪಟ್ಟಿ ಕನ್ನಡದಲ್ಲೇ ಕಾಣುತ್ತದೆ, ಆದರೆ ಒಂದಕ್ಷರ ತಿದ್ದಿದರೆ ಪಕ್ಕದ್ದು ಮೇಲೆ ಏರಿ ಕೂರುತ್ತದೆ, ಒತ್ತಕ್ಷರ ಬಿಡಿಬಿಡಿಯಾಗುತ್ತದೆ. ಅಡೋಬಿಯ ವಿನ್ಯಾಸ ಸಾಫ್ಟ್‌ವೇರ್ ಇಲ್ಲಸ್ಟ್ರೇಟರ್ ಕೊಂಡರೆ ಎಲ್ಲ ಸರಿಹೋಗುತ್ತದೆ ಎಂದು ಗೆಳೆಯರೊಬ್ಬರು ಹೇಳುತ್ತಾರೆ. ನಿಜವೇ?

ಉತ್ತರ: ಗೆಳೆಯರ ಮಾತಿಗೆ ಮೊದಲು ಉತ್ತರ ಕೊಡುತ್ತೇನೆ, ಏಕೆಂದರೆ ಅದರಲ್ಲಿ ದುಡ್ಡಿನ ಪ್ರಶ್ನೆ ಇದೆ. ಈ ಕೆಲಸಕ್ಕಾಗಿ ಇಲ್ಲಸ್ಟ್ರೇಟರ್ ಕೊಳ್ಳಬೇಡಿ. ನಿಮ್ಮ ಮೂರೂ ತೊಂದರೆಗಳು ಇರುವುದು ಪಿಡಿಎಫ್‌ನ ಒಳಗೆ. ಅದೇ ಫೈಲನ್ನು ಇಲ್ಲಸ್ಟ್ರೇಟರ್‌ನಲ್ಲಿ ತೆರೆದರೂ ಒಂದು ಪ್ಯಾರಾ ಹತ್ತಾರು ತುಂಡು ಸಾಲುಗಳಾಗಿ ಬರುತ್ತದೆ, ಇಲ್ಲದ ಫಾಂಟಿನ ಬದಲು ಬೇರೆ ಫಾಂಟ್ ಬಂದು ಕೂರುತ್ತದೆ. ಇಂಥದೇ ಇನ್ನೊಂದು ಸಾಫ್ಟ್‌ವೇರ್ ಕೋರೆಲ್‌ಡ್ರಾದಲ್ಲಿ ಇಂಪೋರ್ಟ್ ಮಾಡುವಾಗ 'ಟೆಕ್ಸ್ಟ್ ಬೇಕೋ, ಕರ್ವ್ಸ್ ಬೇಕೋ' ಎಂದು ಕೇಳುತ್ತದೆ. ಕರ್ವ್ಸ್ ಎಂದರೆ ಅಕ್ಷರ ಬರೀ ರೇಖೆಗಳ ಚಿತ್ರವಾಗಿ ಬರುತ್ತದೆ, ನೋಡಲು ಸರಿ, ತಿದ್ದಲು ಬಾರದು. ಟೆಕ್ಸ್ಟ್ ಎಂದರೆ ತಿದ್ದಬಹುದು, ಆದರೆ ಇದೇ ಗೋಜಲು.

ಪಿಡಿಎಫ್ 1993ರಲ್ಲಿ ಹುಟ್ಟಿದ್ದೇ ಯಾವ ಯಂತ್ರದಲ್ಲಿ ತೆರೆದರೂ, ಯಾವ ಪ್ರಿಂಟರಿಗೆ ಕಳಿಸಿದರೂ ಪುಟ ಒಂದೇ ಥರ ಕಾಣಲಿ ಎಂಬ ಉದ್ದೇಶಕ್ಕೆ. ತಿದ್ದುವುದು ಅದರ ಕೆಲಸವಲ್ಲ. ಪ್ಯಾರಾ, ಸಾಲು, ಪದ ಎಂಬ ಕಲ್ಪನೆ ಅದರೊಳಗೆ ಬಹುಮಟ್ಟಿಗೆ ಇರುವುದಿಲ್ಲ. ಇಂಥ ಫಾಂಟಿನ ಇಷ್ಟನೇ ನಂಬರಿನ ಆಕಾರವನ್ನು ಹಾಳೆಯ ಇಂಥ ಜಾಗದಲ್ಲಿ ಬರೆ ಎಂಬ ಆಜ್ಞೆಗಳ ಪಟ್ಟಿ ಮಾತ್ರ ಇರುತ್ತದೆ. ಹಳೆಯ ಪ್ರೆಸ್ಸಿನಲ್ಲಿ ಅಚ್ಚು ಮುಗಿದ ಮೇಲೆ ಮೊಳೆಗಳನ್ನೆಲ್ಲ (ಸೀಸದ ಅಕ್ಷರಗಳನ್ನೆಲ್ಲ) ಖಾನೆಗೆ ಮರಳಿಸಿಬಿಡುತ್ತಿದ್ದರಲ್ಲ, ಪಿಡಿಎಫ್ ಎಂದರೆ ಆಮೇಲೆ ಕೈಯಲ್ಲಿ ಉಳಿದ ಹಾಳೆ. ಇಂಕ್‌ಸ್ಕೇಪ್ ಆ ಹಾಳೆ ನೋಡಿ ಮೊಳೆ ಹೇಗಿದ್ದಿರಬಹುದು ಎಂದು ಊಹಿಸಲು ಹೊರಡುತ್ತದೆ. ಇಂಗ್ಲಿಷಿಗೆ ಆ ಊಹೆ ಬಹುಪಾಲು ಸರಿಯಾಗುತ್ತದೆ. ಕನ್ನಡದಲ್ಲಿ ಎಡವುತ್ತದೆ.

ನಿಮ್ಮ ಕರಪತ್ರದಲ್ಲಿ ಮೂರು ಬೇರೆ ಬೇರೆ ಕಾಯಿಲೆಗಳಿವೆ. ಯಾವ ಸಾಲಿಗೆ ಯಾವುದು ಎಂದು ತಿಳಿಯಲು ಆ ಸಾಲನ್ನು ಸೆಲೆಕ್ಟ್ ಮಾಡಿ ಕಿಟಕಿಯ ಕೆಳಗಿನ ಸ್ಟೇಟಸ್ ಪಟ್ಟಿ ಓದಿ. 'ಪಾತ್' ಎಂದಿದ್ದರೆ ಅಲ್ಲಿರುವುದು ಬರೀ ಚಿತ್ರ. 'ಟೆಕ್ಸ್ಟ್' ಎಂದಿದ್ದರೆ ಅಕ್ಷರ ಇನ್ನೂ ಇದೆ ಎಂದರ್ಥ. 'ಗ್ರೂಪ್' ಎಂದಿದ್ದರೆ ಎರಡು ಸಲ ಕ್ಲಿಕ್ ಮಾಡಿ ಒಳಗೆ ಹೋಗಿ ನೋಡಬೇಕು.

ತಲೆಬರಹದ ವಿಷಯ ಬೇಗ ಮುಗಿಯುತ್ತದೆ. ಅದನ್ನು ಮಾಡಿದವರು ಅಕ್ಷರಗಳನ್ನು ಕರ್ವ್‌ಗೆ ಬದಲಿಸಿಯೇ ಪಿಡಿಎಫ್ ಮಾಡಿದ್ದಾರೆ. ಪ್ರೆಸ್ಸಿನಲ್ಲಿ ಫಾಂಟ್ ಇಲ್ಲದೆ ಹೋದರೂ ಅಚ್ಚು ಕೆಡಬಾರದೆಂದು ಎಲ್ಲರೂ ಹಾಗೆ ಮಾಡುತ್ತಾರೆ, ತಪ್ಪಲ್ಲ. ಕರ್ವ್ ಆದದ್ದನ್ನು ಮತ್ತೆ ಅಕ್ಷರ ಮಾಡುವ ಬಟನ್ ಇಲ್ಲ. ನಾಟಕದ ಹೆಸರು ಅದೇ ಇದ್ದರೆ ಮುಟ್ಟಬೇಡಿ. ಬದಲಾಗಿದ್ದರೆ ಅಳಿಸಿ ಹೊಸದಾಗಿ ಟೈಪ್ ಮಾಡಿ. 'ಬನಶಂಕರಿ ಜಾತ್ರೆ ನಿಮಿತ್ತ' ಎಂಬ ಪದಗಳು ಹಾಗೇ ಇದ್ದು ಇಸವಿ ಮಾತ್ರ ಬದಲಾಗಬೇಕಿದ್ದರೆ, ಅದೇ ಪುಟದಲ್ಲಿ ಅದೇ ಅಕ್ಷರ ಶೈಲಿಯ ಅಂಕೆ ಬೇರೆಲ್ಲಾದರೂ ಇದೆಯೇ ನೋಡಿ, ನಕಲು ಮಾಡಿ ತಂದು ಅಳತೆ ಹೊಂದಿಸಿ. ಪಾತ್ ಆಗಿರುವುದರಿಂದ ಅದು ಯಾವ ಫಾಂಟನ್ನೂ ಕೇಳುವುದಿಲ್ಲ.

ನಡುವಿನ ಗೋಜಲು ಸಾಲುಗಳು ನುಡಿಯೋ ಬರಹವೋ ಶ್ರೀಲಿಪಿಯೋ, ಯಾವುದೋ ಹಳೆಯ ಆಸ್ಕಿ ಫಾಂಟಿನವು. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಪ್ರೆಸ್‌ಗಳಲ್ಲಿ ಈಗಲೂ ಈ ಫಾಂಟುಗಳ ಬಳಕೆ ಸಾಕಷ್ಟಿದೆ. ಇವುಗಳಲ್ಲಿ ಕಂಪ್ಯೂಟರಿನ ಲೆಕ್ಕಕ್ಕೆ ಕನ್ನಡ ಅಕ್ಷರವೇ ಇಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಚಿಹ್ನೆಗಳ ಸಂಕೇತಗಳಿಗೆ ಕನ್ನಡದ ತುಂಡುಗಳ ಆಕಾರ ಕೊಟ್ಟಿರುತ್ತಾರೆ. ನುಡಿಯಲ್ಲಿ 'ಕನ್ನಡ' ಎಂಬ ಪದವನ್ನೇ ನೋಡಿ. ಇಂಗ್ಲಿಷಿನ ದೊಡ್ಡ 'ಪಿ' ಎಂದರೆ ತಲೆಕಟ್ಟಿಲ್ಲದ ಕ. ನೆತ್ತಿಯ ಮೇಲೆ ಓರೆಗೆರೆ ಇರುವ 'ಎ' ಎಂದರೆ ತಲೆಕಟ್ಟು. ಬ್ರಿಟನ್ನಿನ ಪೌಂಡ್ ಚಿಹ್ನೆ ಎಂದರೆ ತಲೆಕಟ್ಟಿಲ್ಲದ ನ, ಅದಕ್ಕೆ ಮತ್ತೊಂದು ತಲೆಕಟ್ಟು. ಜರ್ಮನ್ನರ ಜೋಡಿ 'ಎಸ್' ಎಂದರೆ ನ ಒತ್ತು. ಸಣ್ಣ 'ಕ್ಯು' ಎಂದರೆ ಡ, ಅದಕ್ಕೂ ಒಂದು ತಲೆಕಟ್ಟು. ಹೀಗೆ ಒಟ್ಟು 7 ಚಿಹ್ನೆ. ಅದೇ ಪದ ಯೂನಿಕೋಡಿನಲ್ಲಿ, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ಸ್ವಂತ ಸಂಕೇತ ಕೊಡುವ ಈಗಿನ ಪದ್ಧತಿಯಲ್ಲಿ, ಕ, ನ, ಹಲಂತ (ಅಕ್ಷರದ ಅ ಕಾರ ತೆಗೆಯುವ ಗುರುತು), ನ, ಡ ಎಂಬ 5 ಸಂಕೇತ, ಅದೂ ನಾವು ಉಚ್ಚರಿಸುವ ಕ್ರಮದಲ್ಲೇ.

ಪಿಡಿಎಫ್ ಓದುವಾಗ ಸರಿಯಾಗಿ ಕಂಡದ್ದು ಇಂಕ್‌ಸ್ಕೇಪ್‌ನಲ್ಲಿ ಗೋಜಲಾದದ್ದೇಕೆ ಎಂದರೆ, ಪಿಡಿಎಫ್ ಫಾಂಟನ್ನು ತನ್ನ ಹೊಟ್ಟೆಯಲ್ಲೇ ಇಟ್ಟುಕೊಂಡಿರುತ್ತದೆ. ಇಂಕ್‌ಸ್ಕೇಪ್ ಟೆಕ್ಸ್ಟನ್ನು ಟೆಕ್ಸ್ಟಾಗಿಯೇ ತೆಗೆದುಕೊಂಡಾಗ ಆ ಒಳಗಿನ ಫಾಂಟನ್ನು ಬಳಸದೆ ನಿಮ್ಮ ಕಂಪ್ಯೂಟರಿನಲ್ಲಿ ಇರುವುದನ್ನು ಹುಡುಕುತ್ತದೆ. ನುಡಿ ಸಿಗದಿದ್ದರೆ ಇನ್ನಾವುದೋ ಫಾಂಟ್ ಹಾಕುತ್ತದೆ. ಆ ಫಾಂಟಿಗೆ ಪೌಂಡ್ ಚಿಹ್ನೆ ಪೌಂಡ್ ಚಿಹ್ನೆಯೇ.

ಯಾವ ಫಾಂಟ್ ಬೇಕೆಂದು ತಿಳಿಯಲು ಪಿಡಿಎಫನ್ನು ಅಡೋಬಿ ರೀಡರಿನಲ್ಲಿ ತೆರೆದು ಕಂಟ್ರೋಲ್ ಮತ್ತು ಡಿ ಒತ್ತಿ, ಫಾಂಟ್ಸ್ ಪುಟ ನೋಡಿ. ಇಂಕ್‌ಸ್ಕೇಪ್ 1.3 ಅಥವಾ ಅದಕ್ಕಿಂತ ಹೊಸದಿದ್ದರೆ ಇಂಪೋರ್ಟ್ ಕಿಟಕಿಯಲ್ಲೇ ಫಾಂಟುಗಳ ಪಟ್ಟಿ ಬರುತ್ತದೆ, ಯಾವುದು ನಿಮ್ಮಲ್ಲಿಲ್ಲ ಎಂಬುದನ್ನೂ ಹೇಳುತ್ತದೆ. ಹೆಸರನ್ನು ಪೂರ್ತಿ ಓದಿಕೊಳ್ಳಿ. ನುಡಿಯಲ್ಲಿ ಹೆಸರಿನ ಕೊನೆಗೆ 'ಇ' ಇದ್ದರೆ ಇಂಗ್ಲಿಷ್ ಅಂಕೆ, 'ಕೆ' ಇದ್ದರೆ ಕನ್ನಡ ಅಂಕೆ. ಒಂದರ ಬದಲು ಇನ್ನೊಂದು ಹಾಕಿದರೆ ದಿನಾಂಕಗಳ ರೂಪವೆಲ್ಲ ಬದಲಾಗಿ ಕೂರುತ್ತದೆ.

ಆ ಪಟ್ಟಿಯಲ್ಲಿ 'ಎಂಬೆಡೆಡ್ ಸಬ್‌ಸೆಟ್' ಎಂಬ ಮಾತು ಕಾಣುತ್ತದೆ. ಆ ಪುಟದಲ್ಲಿ ಬಳಕೆಯಾದ ಆಕಾರಗಳನ್ನಷ್ಟೇ ಪಿಡಿಎಫ್ ಇಟ್ಟುಕೊಂಡಿದೆ ಎಂದು ಅದರ ಅರ್ಥ. ಹೋದ ವರ್ಷ ಟಿಕೆಟ್ ದರ ೫೦ ಮತ್ತು ೧೦೦ ಇತ್ತು ಎಂದುಕೊಳ್ಳಿ, ಈ ವರ್ಷ ೭೦ ಮಾಡಬೇಕು. ಪುಟದಲ್ಲಿ ಎಲ್ಲೂ ೭ ಇಲ್ಲದಿದ್ದರೆ ಒಳಗಿನ ಫಾಂಟಿನಲ್ಲೂ ೭ ಇಲ್ಲ. ಹಾಗಾಗಿ ಪಿಡಿಎಫ್‌ನಿಂದ ಫಾಂಟನ್ನು ಹೊರತೆಗೆದು ಬಳಸುತ್ತೇನೆ ಎಂಬ ಯೋಚನೆ ಬಿಡಿ, ಪೂರ್ತಿ ಫಾಂಟನ್ನೇ ಹಾಕಿಕೊಳ್ಳಬೇಕು. ರೂಪಾಯಿಯ ಹೊಸ ಚಿಹ್ನೆ ಬಂದದ್ದು 2010ರಲ್ಲಿ. ಅದಕ್ಕೂ ಹಳೆಯ ಫಾಂಟುಗಳಲ್ಲಿ ಅದನ್ನು ಹುಡುಕಬೇಡಿ, 'ರೂ.' ಎಂದೇ ಬರೆಯಬೇಕಾಗುತ್ತದೆ.

ಇನ್ನು ಕಲಾವಿದರ ಪಟ್ಟಿ. ನೀವು ಹೆಚ್ಚು ಎಚ್ಚರದಿಂದಿರಬೇಕಾದ್ದು ಇಲ್ಲಿಯೇ, ಏಕೆಂದರೆ ಇದು ನೋಡಲು ಸರಿಯಾಗಿಯೇ ಇದೆ.

ಒಂದು ಹೆಸರನ್ನು ಸೆಲೆಕ್ಟ್ ಮಾಡಿ ಕಂಟ್ರೋಲ್, ಶಿಫ್ಟ್, ಎಕ್ಸ್ ಒತ್ತಿ ಎಕ್ಸ್‌ಎಂಎಲ್ ಎಡಿಟರ್ ತೆರೆಯಿರಿ. 'ಎಕ್ಸ್' ಎಂಬ ಗುಣದ ಮುಂದೆ ಉದ್ದಕ್ಕೆ ದಶಮಾಂಶದ ಅಂಕೆಗಳ ಸಾಲು ಕಾಣುತ್ತದೆ. ಒಂದೊಂದು ಅಕ್ಷರಕ್ಕೆ ಒಂದೊಂದು ಜಾಗವನ್ನು ಮೊಳೆ ಹೊಡೆದು ಕೂರಿಸಿದ್ದಾರೆ. ನೀವು ನಡುವೆ ಹೊಸ ಅಕ್ಷರ ಸೇರಿಸಿದರೆ ಅದು ಹಿಂದಿನದರ ಪಕ್ಕ ಬಂದು ಕೂರುತ್ತದೆ, ಮುಂದಿನದು ತನ್ನ ಹಳೆಯ ಜಾಗ ಬಿಟ್ಟು ಸರಿಯುವುದಿಲ್ಲ. ಒಂದರ ಮೇಲೊಂದು ಏರುವುದು ಇದಕ್ಕೇ. ಒತ್ತಕ್ಷರ ಒಡೆಯುವುದಕ್ಕೂ ಇದೇ ಕಾರಣ. ಹೀಗೆ ಪ್ರತ್ಯೇಕ ಜಾಗ ಪಡೆದ ತುಂಡುಗಳ ನಡುವೆ ಅಕ್ಷರ ಕೂಡಬಾರದು ಎಂದು ಎಸ್‌ವಿಜಿ (ಇಂಕ್‌ಸ್ಕೇಪ್ ಬಳಸುವ ಫೈಲ್ ಮಾದರಿ) ನಿಯಮವೇ ಹೇಳುತ್ತದೆ. ಇಂಗ್ಲಿಷಿನಲ್ಲಿ ಅದರಿಂದ ಹೆಚ್ಚು ನಷ್ಟವಿಲ್ಲ. ನಮ್ಮಲ್ಲಿ ಸ, ಹಲಂತ, ವ ಮೂರೂ ಕೂಡಿದರೆ ಮಾತ್ರ 'ಸ್ವ'.

ಟೆಕ್ಸ್ಟ್ ಮೆನುವಿನಲ್ಲಿ 'ರಿಮೂವ್ ಮ್ಯಾನುಯಲ್ ಕರ್ನ್ಸ್' ಎಂದಿದೆ, ಅದನ್ನು ಒತ್ತಿದರೆ ಈ ಮೊಳೆಗಳು ಕಿತ್ತುಬರುತ್ತವೆ. ಒಂದು ಸಾಲು ಹಲವು ತುಂಡಾಗಿದ್ದರೆ ಎಕ್ಸ್‌ಟೆನ್ಷನ್ಸ್ ಮೆನುವಿನ ಟೆಕ್ಸ್ಟ್ ವಿಭಾಗದಲ್ಲಿ 'ಮರ್ಜ್' ಇದೆ. ಇಷ್ಟು ಮಾಡಿದ ಮೇಲೆ ಸಾಲು ಸಲೀಸಾಗಿ ತಿದ್ದಲು ಬರುತ್ತದೆ. ಬಹಳ ಜನ ಇಲ್ಲಿಗೆ ಕೆಲಸ ಮುಗಿಯಿತೆಂದು ಪ್ರೆಸ್ಸಿಗೆ ಕಳಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

'ಕುಲಕರ್ಣಿ' ಎಂಬ ಹೆಸರು ತೆಗೆದುಕೊಳ್ಳಿ, ನಮ್ಮ ಭಾಗದಲ್ಲಿ ಊರಿಗೆ ನಾಲ್ಕು ಮನೆ ಸಿಗುತ್ತವೆ. ನಾವು ಟೈಪ್ ಮಾಡುವುದು ರ, ಹಲಂತ, ಣ, ಗುಡಿಸು ಎಂಬ ಕ್ರಮದಲ್ಲಿ. ಹಾಳೆಯ ಮೇಲೆ ಬರುವುದು ಮೊದಲು 'ಣಿ', ಆಮೇಲೆ ಬಲಕ್ಕೆ ಅರ್ಕಾವತ್ತು. ಪಿಡಿಎಫ್‌ನಲ್ಲಿ ಉಳಿಯುವುದು ಹಾಳೆಯ ಕ್ರಮ. ಮೊಳೆ ಇರುವವರೆಗೆ ಪ್ರತಿಯೊಂದೂ ತನ್ನ ಜಾಗದಲ್ಲೇ ಇರುತ್ತದಾದ್ದರಿಂದ ಕಣ್ಣಿಗೆ ತಪ್ಪು ಕಾಣದಿರಬಹುದು. ಮೊಳೆ ಕಿತ್ತ ಕೂಡಲೇ ಸಂಕೇತಗಳು ಇರುವ ಕ್ರಮದಲ್ಲೇ ಕೂಡಿಕೊಂಡು 'ಕುಲಕಣಿರ್' ಆಗುತ್ತದೆ. 'ಕರ್ನಾಟಕ' ಹೋಗಿ 'ಕನಾರ್ಟಕ' ಆಗುತ್ತದೆ, 'ಧರ್ಮ' ಹೋಗಿ 'ಧಮರ್' ಆಗುತ್ತದೆ. ಇಂಥ ರೂಪಗಳನ್ನು ನೀವು ಆನ್‌ಲೈನಿನಲ್ಲಿ ಎಷ್ಟೋ ಕಡೆ ನೋಡಿರುತ್ತೀರಿ. ಬರೆದವರಿಗೆ ಕನ್ನಡ ಬರದೆ ಆದ ತಪ್ಪುಗಳಲ್ಲ ಅವು, ಪಿಡಿಎಫ್‌ನಿಂದ ಎತ್ತಿದ ಪಠ್ಯದ ಗುರುತುಗಳು.

'ಶ್ರೀ' ಇನ್ನೂ ಸೂಕ್ಷ್ಮ. ಸರಿಯಾದ ಕ್ರಮ ಶ, ಹಲಂತ, ರ, ಈ ಕಾರ. ಅಚ್ಚಿನಲ್ಲಿ ಮೊದಲು 'ಶಿ', ಕೆಳಗೆ ರ ಒತ್ತು, ಕೊನೆಗೆ ದೀರ್ಘ. ಎತ್ತಿದ ಪಠ್ಯ ಇದೇ ಕ್ರಮದಲ್ಲಿ ಬಂದರೆ ಕೆಲವು ಫಾಂಟುಗಳಲ್ಲಿ ಹೆಚ್ಚುಕಡಿಮೆ ಸರಿಯಾಗಿ ಕಂಡು, ಇನ್ನು ಕೆಲವು ಫಾಂಟುಗಳಲ್ಲಿ ನಡುವೆ ಚುಕ್ಕೆವೃತ್ತ ಎದ್ದು ಕಾಣುತ್ತದೆ. ಜಾತ್ರೆಯ ಕರಪತ್ರದಲ್ಲಿ ದೇವಿಯ ಹೆಸರಿನ ಹಿಂದೆಯೂ 'ಶ್ರೀ', ಕಲಾವಿದರ ಹೆಸರಿನ ಹಿಂದೆಯೂ 'ಶ್ರೀ'. 'ರ‍್ಯಾಲಿ' ಥರದ ಪದಗಳಲ್ಲಿ ರ ಅರ್ಕಾವತ್ತು ಆಗದಂತೆ ತಡೆಯುವ, ಕಣ್ಣಿಗೆ ಕಾಣದ ಸಂಕೇತವೊಂದಿದೆ. ಅದೂ ಈ ದಾರಿಯಲ್ಲಿ ಉದುರಿಹೋಗುತ್ತದೆ.

ಇದರ ಮೂಲ ಇನ್ನೂ ಒಂದು ಹೆಜ್ಜೆ ಒಳಗಿದೆ. ಯೂನಿಕೋಡಿನಲ್ಲಿ ನ ಒತ್ತು, ಅರ್ಕಾವತ್ತು ಇವಕ್ಕೆ ಸ್ವಂತ ಸಂಕೇತವಿಲ್ಲ. ಫಾಂಟಿನೊಳಗಿನ ನಿಯಮಗಳು ಅವನ್ನು ಹುಟ್ಟಿಸುತ್ತವೆ. ಪಿಡಿಎಫ್ ಮಾಡುವ ಸಾಫ್ಟ್‌ವೇರ್ 'ಈ ಆಕಾರ ಎಂದರೆ ಈ ಅಕ್ಷರಗಳು' ಎಂಬ ಒಂದು ಕೋಷ್ಟಕವನ್ನು ಜೊತೆಗೆ ಬರೆದಿಡಬೇಕು. ಕೆಲವು ಬರೆಯುತ್ತವೆ, ಕೆಲವು ಅರ್ಧ ಬರೆಯುತ್ತವೆ, ಕೆಲವು ಬರೆಯುವುದೇ ಇಲ್ಲ. ಕೋಷ್ಟಕವಿಲ್ಲದ ಪಿಡಿಎಫ್‌ನಿಂದ ಎಷ್ಟೇ ದುಬಾರಿ ಸಾಫ್ಟ್‌ವೇರ್ ತಂದರೂ ಪಠ್ಯ ಬರುವುದಿಲ್ಲ. ಲಿನಕ್ಸ್ ಬಳಸುವವರಾದರೆ ಪಿಡಿಎಫ್ ಓದುವ ಪಾಪ್ಲರ್ ಎಂಬ ಸಾಫ್ಟ್‌ವೇರ್ ಜೊತೆಗೆ ಬರುವ 'ಪಿಡಿಎಫ್‌ಫಾಂಟ್ಸ್' ಎಂಬ ಆಜ್ಞೆ ಕೊಟ್ಟು ನೋಡಿ. 'ಯುನಿ' ಎಂಬ ಕಂಬಸಾಲಿನಲ್ಲಿ 'ನೋ' ಎಂದು ಬಂದರೆ ಆ ಯೂನಿಕೋಡ್ ಫಾಂಟಿನ ಆಸೆ ಬಿಡಬಹುದು.

ಹಾಗಾದರೆ ಮಾಡುವುದೇನು? ನನ್ನ ಖಚಿತ ಅಭಿಪ್ರಾಯ: ಆಮದಾದ ಕನ್ನಡ ಪಠ್ಯವನ್ನು ರಿಪೇರಿ ಮಾಡಲು ಕೂರಬೇಡಿ. ವಿನ್ಯಾಸ ಉಳಿಸಿಕೊಂಡು ಅಕ್ಷರ ಹೊಸದಾಗಿ ಹಾಕಿ. ಕರಪತ್ರದಲ್ಲಿರುವುದು ಒಂದು ಪುಟದ ಮಾತು. ಅದನ್ನು ಟೈಪ್ ಮಾಡುವ ಹೊತ್ತಿಗಿಂತ ಒಡೆದ ಒತ್ತಕ್ಷರ ಕೂಡಿಸುವ ಹೊತ್ತು ಹೆಚ್ಚು, ಮೇಲೆ ಕಣ್ತಪ್ಪಿನ ಭಯ ಬೇರೆ.

ಅದಕ್ಕೂ ಮೊದಲು ಒಂದು ಫೋನ್ ಮಾಡಿ. ಹೋದ ವರ್ಷ ಅಚ್ಚು ಹಾಕಿದ ಪ್ರೆಸ್ಸಿನಲ್ಲಿ ಮೂಲ ಕೋರೆಲ್ ಅಥವಾ ಇಲ್ಲಸ್ಟ್ರೇಟರ್ ಫೈಲ್ ಇದೆಯೇ ಎಂದು ಕಂಪನಿಯವರಿಂದಲೇ ಕೇಳಿಸಿ. ಸಿಕ್ಕರೆ ಕೋರೆಲ್ ಇರುವ ಗೆಳೆಯರ ಅಂಗಡಿಯಲ್ಲಿ ತೆರೆದು ತಿದ್ದುವುದೇ ಎಲ್ಲಕ್ಕಿಂತ ಚೊಕ್ಕ. ಇಂಕ್‌ಸ್ಕೇಪ್ ಕೋರೆಲ್ ಫೈಲನ್ನು ತೆರೆಯುತ್ತದಾದರೂ ಅದರಲ್ಲಿನ ಪಠ್ಯ ಪೂರ್ತಿ ಸರಿಯಾಗಿ ಬರುತ್ತದೆಂದು ನಂಬುವಂತಿಲ್ಲ.

ಮೂಲ ಸಿಗದಿದ್ದರೆ ಪಿಡಿಎಫನ್ನು ಇಂಕ್‌ಸ್ಕೇಪ್‌ನಲ್ಲಿ ಮತ್ತೊಮ್ಮೆ ತೆರೆಯಿರಿ. ಈ ಸಲ ಟೆಕ್ಸ್ಟನ್ನು ಟೆಕ್ಸ್ಟಾಗಿ ತರಬೇಡಿ. ಹಳೆಯ ಆವೃತ್ತಿಗಳಲ್ಲಿ 'ಪಾಪ್ಲರ್/ಕೈರೊ ಇಂಪೋರ್ಟ್' ಆರಿಸಿ. ಹೊಸದರಲ್ಲಿ ಫಾಂಟುಗಳ ಪುಟಕ್ಕೆ ಹೋಗಿ ಎಲ್ಲ ಅಕ್ಷರಗಳನ್ನೂ ಚಿತ್ರವಾಗಿ ಬರೆಯುವ ಆಯ್ಕೆ ಹಿಡಿಯಿರಿ. ಆಗ ಪುಟ ಪಿಡಿಎಫ್‌ನಲ್ಲಿ ಕಂಡ ಹಾಗೇ ಬರುತ್ತದೆ. ಬದಲಾಗುವ ಸಾಲುಗಳನ್ನು ಬೇರೆ ಲೇಯರಿಗೆ ಹಾಕಿ, ಬಣ್ಣ ತೆಳುವಾಗಿಸಿ, ಲಾಕ್ ಮಾಡಿ. ಅದರ ಮೇಲೆ ಇನ್ನೊಂದು ಲೇಯರ್ ತೆಗೆದು ಯೂನಿಕೋಡಿನಲ್ಲಿ ಟೈಪ್ ಮಾಡಿ, ಕೆಳಗಿನ ನೆರಳಿಗೆ ಅಳತೆ ಹೊಂದಿಸಿ. ಎಲ್ಲ ಕೂತ ಮೇಲೆ ನೆರಳಿನ ಲೇಯರ್ ಅಳಿಸಿ. ಅಂಚು, ಚಿತ್ರ, ಅಲಂಕಾರ ಎಲ್ಲ ಹಾಗೇ ಉಳಿಯುತ್ತದೆ.

ಉದ್ದನೆಯ ಪಠ್ಯವಿದ್ದು ಅದು ಆಸ್ಕಿಯಲ್ಲಿದ್ದರೆ, ಪಿಡಿಎಫ್‌ನಿಂದ ನಕಲು ಮಾಡಿ ಆಸ್ಕಿಯಿಂದ ಯೂನಿಕೋಡಿಗೆ ಬದಲಿಸುವ ಪರಿವರ್ತಕಕ್ಕೆ ಹಾಕಬಹುದು, ನುಡಿ ಮತ್ತು ಬರಹ ಎರಡರಲ್ಲೂ ಆ ಸೌಲಭ್ಯವಿದೆ. ಒಳ್ಳೆಯ ಪರಿವರ್ತಕ ಅರ್ಕಾವತ್ತನ್ನು ಸ್ವಸ್ಥಾನಕ್ಕೆ ತರುತ್ತದೆ. ಆದ್ದರಿಂದ ನಿಮ್ಮ ನಡುವಿನ ಗೋಜಲು ಸಾಲುಗಳು ಕೆಳಗಿನ 'ಸರಿಯಾಗಿ ಕಾಣುವ' ಪಟ್ಟಿಗಿಂತ ಸುಲಭವಾಗಿ ಬದುಕಿಬರುತ್ತವೆ.

ಫಾಂಟಿಗೆ ಕೊರತೆಯಿಲ್ಲ. ಸಣ್ಣ ಅಕ್ಷರಕ್ಕೆ ನೋಟೊ ಸಾನ್ಸ್ ಕನ್ನಡ ಅಥವಾ ನೋಟೊ ಸೆರಿಫ್ ಕನ್ನಡ, ತಲೆಬರಹಕ್ಕೆ ಬಲೂ ತಮ್ಮ ಅಥವಾ ಅನೇಕ್ ಕನ್ನಡದ ದಪ್ಪ ಅಕ್ಷರ. ಇವು ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ, ವ್ಯಾಪಾರದ ಕೆಲಸಕ್ಕೂ ದುಡ್ಡು ಕೊಡಬೇಕಿಲ್ಲ. ಹಳೆಯ ನುಡಿ ಅಕ್ಷರದ ಪಕ್ಕದಲ್ಲೇ ಹೊಸ ಫಾಂಟ್ ಬಂದರೆ ಹೊಂದಿಕೆಯಾಗುವುದಿಲ್ಲ, ಒಂದು ವಿಭಾಗ ಮುಟ್ಟಿದರೆ ಆ ವಿಭಾಗವನ್ನು ಪೂರ್ತಿ ಬದಲಿಸಿ.

ಮುಂದೆ ಯಾವಾಗಲಾದರೂ ಇಲ್ಲಸ್ಟ್ರೇಟರ್ ಬಳಸಿದರೆ ಒಂದು ವಿಷಯ ತಿಳಿದಿರಲಿ. ಪ್ರಿಫರೆನ್ಸಸ್‌ನ ಟೈಪ್ ಪುಟದಲ್ಲಿ 'ಶೋ ಇಂಡಿಕ್ ಆಪ್ಷನ್ಸ್' ಒತ್ತಿ, ಪ್ಯಾರಾಗ್ರಾಫ್ ಪಟ್ಟಿಯಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ಕಂಪೋಸರ್ ಆರಿಸದಿದ್ದರೆ ನೀವೇ ಹೊಸದಾಗಿ ಟೈಪ್ ಮಾಡಿದ ಕನ್ನಡವೂ ಹಲಂತ ಬೇರೆ, ಒತ್ತು ಬೇರೆಯಾಗಿ ಕಾಣುತ್ತದೆ. ಫಾಂಟ್ ಕೆಟ್ಟಿದೆ ಎಂದು ಎಷ್ಟೋ ಜನ ತಿಳಿಯುವುದು ಇದನ್ನೇ.

ಪ್ರೆಸ್ಸಿಗೆ ಕೊಡುವಾಗ ಇಂಕ್‌ಸ್ಕೇಪ್‌ನ ಪಿಡಿಎಫ್ ಕಿಟಕಿಯಲ್ಲಿ 'ಕನ್ವರ್ಟ್ ಟೆಕ್ಸ್ಟ್ ಟು ಪಾತ್ಸ್' ಆರಿಸಿ. ಮೂಲ ಎಸ್‌ವಿಜಿಯಲ್ಲಿ ಮಾತ್ರ ಅಕ್ಷರವನ್ನು ಪಾತ್ ಮಾಡಬೇಡಿ. ಆ ಎಸ್‌ವಿಜಿ, ಬಳಸಿದ ಫಾಂಟುಗಳು, ಪಠ್ಯದ ಒಂದು ಸಾದಾ ಯೂನಿಕೋಡ್ ಫೈಲ್, ಮೂರನ್ನೂ ಒಂದೇ ಫೋಲ್ಡರಿನಲ್ಲಿ ಇಟ್ಟು ಅದರ ನಕಲನ್ನು ಕಂಪನಿಯವರ ಪೆನ್‌ಡ್ರೈವಿಗೂ ಹಾಕಿಕೊಡಿ. ಜಾತ್ರೆ ಬನದ ಹುಣ್ಣಿಮೆಗೆ ನಡೆಯುವುದರಿಂದ ಇಂಗ್ಲಿಷ್ ದಿನಾಂಕ ವರ್ಷ ವರ್ಷವೂ ಬದಲಾಗುತ್ತದೆ, ಇದೇ ಕರಪತ್ರ ಮತ್ತೆ ಯಾರದೋ ಕೈಗೆ ತಿದ್ದಲು ಬಂದೇ ಬರುತ್ತದೆ. ನಮ್ಮ ಜಿಲ್ಲೆಗಳಲ್ಲಿ ಇದು ಹೊಸದೇನಲ್ಲ. 2014ರ ನವೆಂಬರ್ 1ರಂದು ಬೆಳಗಾಂ ಬೆಳಗಾವಿಯಾಗಿ, ಬಿಜಾಪುರ ವಿಜಯಪುರವಾಗಿ ಹೆಸರು ಬದಲಾದಾಗ ಲೆಟರ್‌ಹೆಡ್, ಬೋರ್ಡು, ರಸೀದಿ ಪುಸ್ತಕಗಳಲ್ಲಿ ಊರಿನ ಹೆಸರೊಂದನ್ನೇ ತಿದ್ದಬೇಕಿತ್ತು. ಮೂಲ ಫೈಲ್ ಇದ್ದವರಿಗೆ ಅದು ನಿಮಿಷದ ಕೆಲಸ, ಕರ್ವ್ ಮಾಡಿದ ಪಿಡಿಎಫ್ ಮಾತ್ರ ಇದ್ದವರು ಪೂರ್ತಿ ಹೊಸದಾಗಿ ಮಾಡಬೇಕಾಗುತ್ತಿತ್ತು.

ಅಚ್ಚಿಗೆ ಮುಂಚೆ ಕಲಾವಿದರ ಪಟ್ಟಿಯನ್ನು ಕಾಗದದ ಮೇಲೆ ಪ್ರಿಂಟ್ ತೆಗೆದು ಕಂಪನಿಯವರಿಂದಲೇ ಗಟ್ಟಿಯಾಗಿ ಓದಿಸಿ. ನಟ ನಟಿಯರು ವರ್ಷವಿಡೀ ಊರೂರು ಅಲೆದು ಈ ಜಾತ್ರೆಗೆ ಬಂದಿರುತ್ತಾರೆ. ಕರಪತ್ರದಲ್ಲಿ ಅವರ ಹೆಸರು ಸರಿಯಾಗಿ ಬರಬೇಕು. ಅರ್ಕಾವತ್ತು ಇರುವ ಹೆಸರುಗಳನ್ನು, 'ಶ್ರೀ' ಇರುವ ಜಾಗಗಳನ್ನು ಮೊದಲೇ ಪೆನ್ಸಿಲ್‌ನಲ್ಲಿ ಗುರುತು ಹಾಕಿಟ್ಟರೆ ಓದುವವರ ಕಣ್ಣು ಅಲ್ಲಿ ನಿಲ್ಲುತ್ತದೆ. ಬಣ್ಣದ ವಿಷಯವನ್ನೂ ಆಗಲೇ ಪ್ರೆಸ್ಸಿನವರ ಹತ್ತಿರ ಮಾತಾಡಿಕೊಳ್ಳಿ. ಇಂಕ್‌ಸ್ಕೇಪ್ ಕೊಡುವ ಪಿಡಿಎಫ್ ಕಂಪ್ಯೂಟರ್ ಪರದೆಗೆ ಹೊಂದುವ ಆರ್‌ಜಿಬಿ ಬಣ್ಣದಲ್ಲಿರುತ್ತದೆ, ಆಫ್‌ಸೆಟ್‌ಗೆ ಅದನ್ನು ಅಚ್ಚಿನ ನಾಲ್ಕು ಶಾಯಿಗಳ ಸಿಎಂವೈಕೆಗೆ ಅವರು ಬದಲಿಸಿಕೊಳ್ಳಬೇಕಾಗುತ್ತದೆ.